ಹದಿನಾಲ್ಕು ದಿನವೆಂಬ ಗೆರೆ

ಬಾರ್ಕೂರಿನ ದೇಗುಲದಂಗಳದ ಶಾಸನಕಲ್ಲುಗಳನ್ನು ನೋಡಿ! ಆಳುಪರ ರಾಜಧಾನಿ, ಆಮೇಲೆ ವಿಜಯನಗರದ ಬಾರಕೂರು ರಾಜ್ಯದ ಕೇಂದ್ರವಾಗಿದ್ದ ಊರಿದು. ಆ ಕಾಲದ ದಾನಶಾಸನಗಳು ಸಾಮಾನ್ಯವಾಗಿ ಶಾಪದಲ್ಲಿ ಮುಗಿಯುತ್ತವೆ. ಧರ್ಮಕ್ಕೆ ತಪ್ಪಿದವನಿಗೆ ವಾರಣಾಸಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪ, ಸಾವಿರ ಸಾವಿರ ವರ್ಷ ಹುಳುವಿನ ಜನ್ಮ! ಸತ್ತರೂ ಮುಗಿಯದ ಶಿಕ್ಷೆ.

ಈಗ ಶಿಕ್ಷೆಗೂ ಗೆರೆ ಎಳೆದ, 2024ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 73 ಮತ್ತು 74ನೇ ಸೆಕ್ಷನ್‌ಗಳನ್ನು ತೆರೆಯಿರಿ. ಒಂಟಿ ಸೆರೆ ಒಂದು ಸಲಕ್ಕೆ 14 ದಿನ ಮೀರಕೂಡದು, ಮತ್ತೆ ಹಾಕುವ ಮುನ್ನ ಕನಿಷ್ಠ ಅಷ್ಟು ದಿನ ಬಿಡುವು ಕೊಡಬೇಕು. ಒಟ್ಟು ಮೂರು ತಿಂಗಳ ಮೇಲೆ ಇಲ್ಲವೇ ಇಲ್ಲ. ಅದೂ ನ್ಯಾಯಾಲಯ ಹೇಳಿದರೆ ಮಾತ್ರ! ಬರೆದದ್ದು 1860ರಲ್ಲಿ, ಬ್ರಿಟಿಷರ ಕೈಯಲ್ಲಿ.

ಆದರೂ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಬಿ.ಎ. ಉಮೇಶ್ ವರ್ಷಗಟ್ಟಲೆ ಒಂಟಿಯಾಗಿದ್ದ. ಬೆಂಗಳೂರಿನಲ್ಲಿ 1998ರಲ್ಲಿ ಹೆಣ್ಣುಮಗಳೊಬ್ಬಳ ಮೇಲೆ ಅತ್ಯಾಚಾರವೆಸಗಿ ಕೊಂದವನು ಅವನು. ಅವಳ ನೋವಿನ ಮುಂದೆ ಯಾವ ಮಾತೂ ಸಣ್ಣದೇ. 2006ರಲ್ಲಿ ಗಲ್ಲು ವಿಧಿಸಿದ್ದೇ ತಡ, ಅವನನ್ನು ಒಬ್ಬನನ್ನೇ ಇರಿಸಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ಎತ್ತಿಹಿಡಿಯಿತು. ರಾಷ್ಟ್ರಪತಿ ಕ್ಷಮಾದಾನದ ಅರ್ಜಿ ತಳ್ಳಿಹಾಕಿದ್ದು 2013ರ ಮೇ 12ರಂದು.

ಬೆರಗು ಇಲ್ಲಿದೆ! 1978ರ ಸುನಿಲ್ ಬಾತ್ರಾ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತ್ತು: ಮೇಲ್ಮನವಿ, ಕ್ಷಮಾದಾನ ಎಲ್ಲ ಬಾಗಿಲೂ ಮುಚ್ಚುವ ತನಕ ಕೈದಿಯನ್ನು ಗಲ್ಲಿಗೇರಬೇಕಾದವನೆಂದು ಬೇರ್ಪಡಿಸುವಂತಿಲ್ಲ, ಜೀವಿಸುವ ಹಕ್ಕನ್ನು ಕಾಯುವ ಸಂವಿಧಾನದ 21ನೇ ವಿಧಿ ಜೈಲಿನ ಬಾಗಿಲಲ್ಲೇ ನಿಂತುಬಿಡುವುದಿಲ್ಲ. ಆ ಮಾತನ್ನು ಹಿಡಿದು 2022ರ ನವೆಂಬರ್ 4ರಂದು, ಯು.ಯು. ಲಲಿತ್ ಮುಖ್ಯ ನ್ಯಾಯಮೂರ್ತಿಯಾಗಿದ್ದ ಕೋರ್ಟ್ ಉಮೇಶನ ಗಲ್ಲನ್ನು ಜೀವಾವಧಿಗೆ ಇಳಿಸಿತು! ಕ್ಷಮಾದಾನದ ಅರ್ಜಿಯ ತೀರ್ಮಾನ ತಡವಾಯಿತೆಂಬ ವಾದವನ್ನು ಒಪ್ಪಲಿಲ್ಲ. ಒಂಟಿ ಸೆರೆ ಕಾನೂನುಬಾಹಿರ, ಅದು ಅವನನ್ನು ಜರ್ಜರಗೊಳಿಸಿದೆ, ಅಷ್ಟೇ ಸಾಕು ಎಂದಿತು. ಬಿಡುಗಡೆಯೇನೂ ಅಲ್ಲ: ಕನಿಷ್ಠ 30 ವರ್ಷ ಒಳಗೇ.

ಇಂಥ ಅಪರಾಧಿಗೂ ಲೆಕ್ಕ ತಪ್ಪಕೂಡದು ಎಂಬ ಆ ಹಟಕ್ಕೆ ನಾನು ಮನಸಾರೆ ಕೈಮುಗಿಯುತ್ತೇನೆ. ನಮ್ಮ ಕಲ್ಲುಗಳಿಗೆ ಈ ಲೆಕ್ಕ ತಿಳಿದಿರಲಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಹದಿನಾಲ್ಕು ದಿನ ಉಳಿದಿದೆ, 12ನೇ ಸೆಕ್ಷನ್ನಿನಲ್ಲಿ. ಆ ಸೆಕ್ಷನ್ನಿನ ಸಾಲುಗಳನ್ನು ದಪ್ಪಕ್ಷರದ ಕನ್ನಡದಲ್ಲಿ ಬರೆಸಿ ರಾಜ್ಯದ ಪ್ರತಿ ಜೈಲಿನ ಗೋಡೆಗೂ ಅಂಟಿಸಬೇಕು, ಕೈದಿಗೂ ಕಾವಲಿನವನಿಗೂ ಕಾಣುವ ಹಾಗೆ!