ಹಿಮ್ಮಡಿ ನೋವು ಮತ್ತು ಪಾದರಕ್ಷೆಯ ಆಯ್ಕೆ



ಗಿಡ ಬಾಡಿದರೆ ನಾವು ಮೊದಲು ಬುಡ ಬಿಡಿಸಿ ನೋಡುತ್ತೇವೆ. ನಮ್ಮದೇ ಬುಡವಾದ ಪಾದವನ್ನು ಮಾತ್ರ ನೋಡುವುದಿಲ್ಲ. ಕಳೆದ ವರ್ಷ ಮಳೆಗಾಲದ ಆರಂಭದಲ್ಲಿ ನನಗೆ ಬಲಗಾಲಿನ ಹಿಮ್ಮಡಿ ನೋವು ಹತ್ತಿಕೊಂಡಿತು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದರೆ ಮೊಳೆ ಚುಚ್ಚಿದಂತೆ. ನಾಲ್ಕು ಹೆಜ್ಜೆ ನಡೆದರೆ ಕಡಿಮೆ. ಸಂಜೆಗೆ ಮತ್ತೆ ಹೆಚ್ಚು. ವಯಸ್ಸಿನ ಗುಣವೆಂದು ಸುಮ್ಮನಿದ್ದೆ. ಕ್ರಮೇಣ ತೋಟದ ಕೆಳಭಾಗಕ್ಕೆ ಇಳಿಯುವುದನ್ನೇ ಬಿಟ್ಟೆ. ಅಲ್ಲಿ ಕೊಳೆರೋಗ ಬಿದ್ದದ್ದು ನನಗೆ ತಿಳಿದದ್ದು ಉದುರಿದ ಕಾಯಿಗಳನ್ನು ಕಂಡ ಮೇಲೆ. ಆಳು ಸಿಗದ ಈ ಕಾಲದಲ್ಲಿ ಒಂದೆರಡು ಎಕರೆಯ ಬೆಳೆಗಾರನಿಗೆ ಕಾಲು ಕೈಕೊಟ್ಟರೆ ತೋಟವೂ ಕೈಬಿಟ್ಟಂತೆಯೇ. ಆದುದರಿಂದ ಈ ಲೇಖನ.

ಕೊನೆಗೆ ಹುಬ್ಬಳ್ಳಿಯ ಎಲುಬಿನ ವೈದ್ಯರೊಬ್ಬರಲ್ಲಿ ಹೋದೆ. ಅವರು ಕಾಲು ಒತ್ತಿ ನೋಡಿದವರೇ, "ಎಕ್ಸ್‌ರೇ ಆಮ್ಯಾಲೆ ನೋಡೋಣ್ರಿ, ಮೊದಲ ನಿಮ್ಮ ಚಪ್ಪಲಿ ತಗೊಂಡು ಬರ್ರಿ" ಎಂದರು. ಬಾಗಿಲ ಹೊರಗೆ ಬಿಟ್ಟಿದ್ದ ನನ್ನ ಹವಾಯಿ ಚಪ್ಪಲಿಯ ಹಿಮ್ಮಡಿಯ ಭಾಗ ಕಾಗದದಷ್ಟು ತೆಳ್ಳಗಾಗಿತ್ತು.

ನೋವಿನ ಮೂಲ ಹೀಗಿದೆ. ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಅಡಿಯಲ್ಲಿ ಗಟ್ಟಿಯಾದ ಒಂದು ನಾರಿನ ಪಟ್ಟಿ ಇದೆ. ಬಿಲ್ಲಿಗೆ ಹೆದೆಯಿದ್ದಂತೆ ಅದು ಪಾದದ ಕಮಾನನ್ನು ಹಿಡಿದಿಡುತ್ತದೆ. ಅತಿಯಾಗಿ ಎಳೆತಕ್ಕೆ ಸಿಕ್ಕಿದರೆ ಅದು ಹಿಮ್ಮಡಿಗೆ ಅಂಟಿದ ಜಾಗದಲ್ಲಿ ಸವೆದು ನೋಯುತ್ತದೆ. ರಾತ್ರಿಯಿಡೀ ಕುಗ್ಗಿದ್ದ ಪಟ್ಟಿ ಬೆಳಗಿನ ಮೊದಲ ಹೆಜ್ಜೆಗೆ ಒಮ್ಮೆಲೇ ಎಳೆಯಲ್ಪಡುವುದರಿಂದ ಆಗ ನೋವು ಹೆಚ್ಚು. ಎಕ್ಸ್‌ರೇಯಲ್ಲಿ "ಎಲುಬು ಬೆಳೆದಿದೆ" ಎಂದು ಕಂಡರೆ ಗಾಬರಿ ಬೇಡ. ನೋವೇ ಇಲ್ಲದ ಅನೇಕರಲ್ಲಿಯೂ ಅದು ಇರುತ್ತದೆ.

ನಮ್ಮ ಕಸುಬಿನಲ್ಲಿ ಇದಕ್ಕೆ ಕಾರಣಗಳು ಸಾಕಷ್ಟಿವೆ. ಅಡಿಕೆ, ಕಾಫಿ ಒಣಗಿಸುವ ಸಿಮೆಂಟು ಕಣದಲ್ಲಿ ಬರಿಗಾಲಲ್ಲಿ ಗಂಟೆಗಟ್ಟಲೆ ನಿಲ್ಲುವುದು, ಇಳಿಜಾರಿನಲ್ಲಿ ಹೊರೆ ಹೊರುವುದು, ಮೈತೂಕ ಹೆಚ್ಚುವುದು, ಮೀನಖಂಡದ ಬಿಗಿತ. ಇವೆಲ್ಲಕ್ಕೂ ಮೇಲೆ ಚಪ್ಪಟೆಯಾದ, ಸವೆದ ಪಾದರಕ್ಷೆ. ಮಳೆಗಾಲದ ಗಂಬೂಟು ಉಂಬಳದಿಂದ, ಕೆಸರಿನಿಂದ ರಕ್ಷಿಸುತ್ತದೆ ನಿಜ. ಆದರೆ ಬಹುಪಾಲು ಗಂಬೂಟುಗಳ ಒಳಗೆ ಕಮಾನಿಗೆ ಆಸರೆಯೇ ಇರುವುದಿಲ್ಲ.

ಪಾದರಕ್ಷೆ ಕೊಳ್ಳುವಾಗ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಷೂವಿನ ಹಿಮ್ಮಡಿಯ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿರಿ. ಅದು ಕುಸಿಯಬಾರದು.

2. ತುದಿಯನ್ನು ಹಿಡಿದು ಬಗ್ಗಿಸಿರಿ. ಬೆರಳ ಬುಡದಲ್ಲಿ ಮಾತ್ರ ಬಾಗಬೇಕು; ನಡುವೆ ಬಾಗಿದರೆ ಕಮಾನಿಗೆ ಆಸರೆಯಿಲ್ಲ. ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿದರೆ ಸುಲಭವಾಗಿ ತಿರುಚಿಕೊಳ್ಳಬಾರದು.

3. ಹಿಮ್ಮಡಿ ಮುಂಭಾಗಕ್ಕಿಂತ ಒಂದೆರಡು ಸೆಂಟಿಮೀಟರು ಎತ್ತರವಿರಲಿ. ಇದರಿಂದ ಪಟ್ಟಿಯ ಎಳೆತ ತಗ್ಗುತ್ತದೆ.

4. ಮೆತ್ತಗಿದ್ದಷ್ಟೂ ಒಳ್ಳೆಯದೆಂಬುದು ತಪ್ಪು. ನಾನು ಮೊದಲು ಕೊಂಡದ್ದು ಹತ್ತಿಯಂಥ ದುಬಾರಿ ಷೂ. ತಿಂಗಳೊಳಗೆ ಹಿಮ್ಮಡಿ ಒಂದು ಬದಿಗೆ ವಾಲಿತು. ಮೇಲೆ ಮೆತ್ತೆ, ಕೆಳಗೆ ಗಟ್ಟಿ ಇರಬೇಕು.

5. ಚಪ್ಪಲಿಯಾದರೆ ಹಿಂದೆ ಪಟ್ಟಿ ಇರಲಿ. ಪಟ್ಟಿಯಿಲ್ಲದ ಚಪ್ಪಲಿ ಜಾರದಂತೆ ಪ್ರತಿ ಹೆಜ್ಜೆಗೂ ಬೆರಳುಗಳು ಅದನ್ನು ಹಿಡಿಯಬೇಕಾಗುತ್ತದೆ.

6. ಸಂಜೆ ಕೊಳ್ಳಿರಿ, ಆಗ ಪಾದ ತುಸು ಊದಿರುತ್ತದೆ. ಎರಡೂ ಕಾಲಿಗೆ ಹಾಕಿ, ನಿಂತು, ನಡೆದು ನೋಡಿರಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ.

ಗಂಬೂಟಿನೊಳಗೆ ಕಮಾನಿನ ಆಸರೆಯುಳ್ಳ ಸಿದ್ಧ ಒಳಅಟ್ಟೆ ಹಾಕಿಕೊಳ್ಳಬಹುದು. ಒಳಅಟ್ಟೆ ಹಿಡಿಸುವಷ್ಟು ಸಡಿಲದ ಬೂಟನ್ನೇ ಆರಿಸಿ, ರಾತ್ರಿ ಅಟ್ಟೆಯನ್ನು ಹೊರತೆಗೆದು ಒಣಗಿಸಬೇಕು. ಅಳತೆ ಕೊಟ್ಟು ಮಾಡಿಸುವ ದುಬಾರಿ ಅಟ್ಟೆಯೇ ಬೇಕೆಂದಿಲ್ಲ.

ಕೊಲ್ಹಾಪುರಿ ಚಪ್ಪಲಿಯ ಬಗ್ಗೆ ಹಲವರು ಕೇಳುತ್ತಾರೆ. ಅದು ನಮ್ಮದೂ ಹೌದು. 2019ರಲ್ಲಿ ದೊರೆತ ಭೌಗೋಳಿಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. ಬಾಳಿಕೆ ಬರುವ ಚರ್ಮ, ಅಂದವೂ ಉಂಟು. ಆದರೆ ಅಟ್ಟೆ ಚಪ್ಪಟೆ, ಹಿಂದೆ ಪಟ್ಟಿಯಿಲ್ಲ, ಒದ್ದೆ ನೆಲದಲ್ಲಿ ಜಾರುತ್ತದೆ. ನೋವು ಇರುವವರೆಗೆ ಅದನ್ನು ಮದುವೆ ಮುಂಜಿಗೆ ಇಟ್ಟುಕೊಳ್ಳುವುದು ಲೇಸು.

ಪಾದರಕ್ಷೆಯೊಂದೇ ಸಾಲದು. ಹಾಸಿಗೆಯಿಂದ ಇಳಿಯುವ ಮೊದಲು ನೋವಿನ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸಿರಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ. ಗೋಡೆಗೆ ಕೈಯೂರಿ, ಹಿಮ್ಮಡಿ ನೆಲಕ್ಕೂರಿ ಮೀನಖಂಡವನ್ನೂ ಎಳೆಯಿರಿ. ಮನೆಯ ಗಟ್ಟಿ ನೆಲದ ಮೇಲೆ ಓಡಾಡಲು ಬೇರೆ ಜೊತೆ ಇರಲಿ. ಅಡಿಗೆಮನೆಯಲ್ಲಿ ಬರಿಗಾಲಲ್ಲೇ ನಿಲ್ಲುವ ನಮ್ಮ ಹೆಣ್ಣುಮಕ್ಕಳಿಗೆ ಇದು ಇನ್ನೂ ಅಗತ್ಯ. ಗುಣ ನಿಧಾನ, ತಿಂಗಳುಗಳೇ ಹಿಡಿಯುತ್ತವೆ. ಆದರೆ ಹೆಚ್ಚಿನವರಿಗೆ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ವಾಸಿಯಾಗುತ್ತದೆ. ಸ್ಟಿರಾಯ್ಡ್ ಚುಚ್ಚುಮದ್ದು ತಾತ್ಕಾಲಿಕ ಆರಾಮ ಕೊಡುತ್ತದೆ. ಪದೇ ಪದೇ ತೆಗೆದುಕೊಂಡರೆ ಪಟ್ಟಿಯೇ ಹರಿಯುವ ಅಪಾಯವುಂಟು.

ಸಕ್ಕರೆ ಕಾಯಿಲೆಯವರಿಗೆ ವಿಶೇಷ ಎಚ್ಚರಿಕೆ. ಪಾದ ಮರಗಟ್ಟಿದ್ದರೆ ಮುಳ್ಳು ಚುಚ್ಚಿದ್ದೂ ತಿಳಿಯದು. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಮತ್ತು ಸಂಗಡಿಗರು ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳ ಪಾದ ಉಳಿಸಲು ಮೆತ್ತನೆಯ ರಬ್ಬರಿನ ಪಾದರಕ್ಷೆ ರೂಪಿಸಿದರು. ಎಂ.ಸಿ.ಆರ್. ಎಂಬ ಆ ರಬ್ಬರಿನ ಚಪ್ಪಲಿಯನ್ನೇ ಇಂದು ಸಕ್ಕರೆ ಕಾಯಿಲೆಯವರಿಗೂ ಸೂಚಿಸುತ್ತಾರೆ. ಇವರು ಬರಿಗಾಲಲ್ಲಿ ತೋಟಕ್ಕೆ ಇಳಿಯಲೇಬಾರದು. ಪ್ರತಿ ರಾತ್ರಿ ದೀಪದ ಬೆಳಕಿನಲ್ಲಿ ಅಂಗಾಲನ್ನು ನೋಡಿಕೊಳ್ಳಬೇಕು.

ಮರಗಟ್ಟುವಿಕೆ, ಜ್ವರ, ಬಾವು, ಮಲಗಿದಾಗಲೂ ಬಿಡದ ನೋವು, ಬಿದ್ದ ನಂತರ ಶುರುವಾದ ನೋವು ಇದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು. ಕಿಮ್ಸ್ ಎಂದೇ ಜನ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಎಲುಬು ಕೀಲು ವಿಭಾಗವಿದೆ.

ಈ ಮಳೆಗಾಲ ನಾನು ತೋಟದ ಕೆಳಭಾಗಕ್ಕೆ ಮತ್ತೆ ಇಳಿಯುತ್ತಿದ್ದೇನೆ. ಮುಂದಿನ ಸಲ ಹುಬ್ಬಳ್ಳಿ ಪೇಟೆಗೆ ಹೋದಾಗ ಔಷಧಿ, ಗೊಬ್ಬರದ ಚೀಟಿಯ ಜೊತೆಗೆ ಒಂದು ಜೊತೆ ಒಳ್ಳೆಯ ಪಾದರಕ್ಷೆಯನ್ನೂ ಬರೆದುಕೊಂಡು ಹೋಗಬೇಕಾಗಿ ಸದಸ್ಯರಲ್ಲಿ ವಿನಂತಿ.

— ಕಾರ್ಯದರ್ಶಿ