ನಿಮಗಿದು ಗೊತ್ತೆ? ಟೈರು ದಪ್ಪವಾದಷ್ಟೂ ಕಡಿಮೆ ಗಾಳಿ ಸಾಕು

ಸೈಕಲ್ ಟೈರು ಕಲ್ಲಿನಂತೆ ಗಟ್ಟಿಯಿದ್ದರೆ ವೇಗ ಹೆಚ್ಚು ಎಂಬ ನಂಬಿಕೆ ಪೂರ್ತಿ ನಿಜವಲ್ಲ. ನುಣುಪಾದ ಟ್ರ್ಯಾಕಿನಲ್ಲಿ ಅದು ಸರಿ. ಡಾಂಬರು ಕಿತ್ತ ರಸ್ತೆಯಲ್ಲಿ ಬಿಗಿ ಟೈರು ಪ್ರತಿ ಉಬ್ಬಿಗೂ ಪುಟಿಯುತ್ತದೆ. ತುಳಿದ ಶಕ್ತಿಯ ಒಂದು ಪಾಲು ಮೈ ಕುಲುಕುವುದರಲ್ಲೇ ಪೋಲಾಗುತ್ತದೆ. ಗಾಳಿ ತುಸು ಇಳಿಸಿದರೆ ಟೈರೇ ಆ ಉಬ್ಬನ್ನು ನುಂಗಿಕೊಳ್ಳುತ್ತದೆ.

23 ಮಿ.ಮೀ. ಅಗಲದ ರೇಸಿಂಗ್ ಟೈರಿಗೆ ಸುಮಾರು 100 ಪಿಎಸ್‌ಐ ಗಾಳಿಯ ಒತ್ತಡ ಬೇಕಾದರೆ, 28 ಮಿ.ಮೀ. ಟೈರಿಗೆ 65–80 ಸಾಕು. ಎರಡು ಅಂಗುಲ ದಾಟಿದ ಮೌಂಟನ್ ಬೈಕ್ ಟೈರಿಗೆ 25–35. ಒತ್ತಡ ಒಂದೇ ಇದ್ದರೂ ಟೈರು ಅಗಲವಾದಂತೆ ಅದರ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಹಾಗಾಗಿ ದಪ್ಪ ಟೈರಿಗೆ ರೇಸ್ ಸೈಕಲ್ಲಿನ ಲೆಕ್ಕದಲ್ಲಿ ಗಾಳಿ ಹೊಡೆಯುವುದು ಅಪಾಯ. ಗರಿಷ್ಠ ಮಿತಿ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ, ದಯವಿಟ್ಟು ಓದಿ ನೋಡಿ.

ದೇಹಭಾರದ ಹೆಚ್ಚು ಪಾಲು ಹಿಂದಿನ ಚಕ್ರದ ಮೇಲಿರುವುದರಿಂದ ಅಲ್ಲಿ ಕೆಲವು ಪಿಎಸ್‌ಐ ಹೆಚ್ಚಿರಲಿ. ತೀರಾ ಇಳಿಸಿದರೂ ಕಷ್ಟ: ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿನಡಿ ಜಜ್ಜಿಹೋಗಿ, ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಮುಳ್ಳು ಚುಚ್ಚಿದರೆ ಸಾಮಾನ್ಯವಾಗಿ ಒಂದೇ ತೂತು. ಅನುಭವಿ ಪಂಕ್ಚರ್ ಅಂಗಡಿಯವರು ತೂತುಗಳನ್ನು ನೋಡಿಯೇ ಕಾರಣ ಹೇಳಬಲ್ಲರು.