ಹನ್ನೊಂದು ಸಾಲಿನ ಚೀಟಿ ಹಿಡಿದು ನಾಲ್ಕು ಊರು

ಕಿತ್ತೂರು ಕೋಟೆಯ ಹತ್ತಿರ ಮರದ ನೆರಳಿಗೆ ಗಾಡಿ ನಿಲ್ಲಿಸಿ ಎಸ್ಟಿಮೇಟ್ ಚೀಟಿ ಬಿಚ್ಚಿದೆ. ಹಿಂದಿನ ದಿನ ನಗರದ ಒಂದು ಸರ್ವಿಸ್ ಸೆಂಟರಿನಲ್ಲಿ ಕೊಟ್ಟದ್ದು. ಐದು ವರ್ಷದ ಪೆಟ್ರೋಲ್ ಕಾರು, 48,000 ಕಿ.ಮೀ. ಓಡಿದೆ. ಆಯಿಲ್ ಬದಲಿಸಲು ಹೋದ ನನಗೆ ಹನ್ನೊಂದು ಸಾಲು ಬರೆದುಕೊಟ್ಟಿದ್ದರು: ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎಂಜಿನ್ ಫ್ಲಷ್, ಥ್ರಾಟಲ್ ಬಾಡಿ ಕ್ಲೀನಿಂಗ್, ಇಂಜೆಕ್ಟರ್ ಕ್ಲೀನಿಂಗ್, ಎ.ಸಿ. ಶುದ್ಧೀಕರಣ, ಅಲೈನ್‌ಮೆಂಟ್-ಬ್ಯಾಲೆನ್ಸಿಂಗ್, ಬ್ರೇಕ್ ಆಯಿಲ್, ಅಂಡರ್‌ಬಾಡಿ ಕೋಟಿಂಗ್, ಟೆಫ್ಲಾನ್ ಕೋಟಿಂಗ್. "ಎಲ್ಲಾ ಮಾಡಿಸಿಬಿಡ್ರಿ ಸರ, ಚಿಂತಿ ಇರೂದಿಲ್ಲ" ಅಂದರು. ಹಿಂದಿನ ಎರಡು ವರ್ಷ ಅದೇ ಮಾತಿಗೆ ಹೂಂ ಅಂದಿದ್ದೆ. ಈ ಸಲ ಮೊದಲ ಎರಡನ್ನು ಮಾತ್ರ ಹಾಕಿಸಿದೆ. ಅವುಗಳಲ್ಲಿ ಚೌಕಾಸಿ ಇಲ್ಲ, 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಬದಲಿಸಬೇಕು ಎಂದು ನನ್ನ ಗಾಡಿಯ ಮ್ಯಾನುವಲ್ಲೇ ಹೇಳುತ್ತದೆ. ಉಳಿದ ಒಂಬತ್ತನ್ನು ಜೇಬಿನಲ್ಲಿಟ್ಟುಕೊಂಡು ಬಂದೆ. ವರ್ಷವಿಡೀ ನಾನು ಓಡಾಡುವ ರಸ್ತೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳದ್ದು. ಗಾಡಿಗೆ ಏನು ಬೇಕು ಎಂದು ಆ ರಸ್ತೆಯನ್ನೇ ಕೇಳಿನೋಡೋಣ ಅನಿಸಿತು.

ಕಿತ್ತೂರಿನ ಮಗ್ಗುಲಲ್ಲೇ ಬೆಳಗಾವಿ-ಧಾರವಾಡ ಹೆದ್ದಾರಿ. ಅಲೈನ್‌ಮೆಂಟ್ ತಪ್ಪಿದೆಯೋ ಇಲ್ಲವೋ ನೋಡಲು ಇಂಥ ನೇರ ರಸ್ತೆಗಿಂತ ಒಳ್ಳೆಯ ಜಾಗ ಇಲ್ಲ. ಎಂಬತ್ತರ ವೇಗದಲ್ಲಿ ಸ್ಟೇರಿಂಗ್ ನಡುಗಲಿಲ್ಲ, ಗಾಡಿ ಒಂದು ಬದಿಗೆ ಎಳೆಯಲಿಲ್ಲ. ಕೆಳಗಿಳಿದು ನಾಲ್ಕೂ ಟಯರುಗಳ ಮೇಲೆ ಅಡ್ಡಲಾಗಿ ಅಂಗೈ ಆಡಿಸಿದೆ. ಒಳಅಂಚು ಅಥವಾ ಹೊರಅಂಚು ಹೆಚ್ಚು ಸವೆದಿದ್ದರೆ ಕೈಗೆ ತಾನಾಗಿಯೇ ತಿಳಿಯುತ್ತದೆ. ಎಲ್ಲ ಸಮನಾಗಿತ್ತು. ಅಲೈನ್‌ಮೆಂಟ್ ಸಾಲಿಗೆ ಗೀಟು ಹಾಕಿದೆ. ಗಾಳಿ ಹಿಡಿಸಲು ನಿಂತಲ್ಲಿ ಹುಡುಗ ನೈಟ್ರೋಜನ್ ತುಂಬಲೇ ಎಂದು ಕೇಳಿದ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಹದಿನೈದು ದಿನಕ್ಕೊಮ್ಮೆ ಪ್ರೆಷರ್ ನೋಡಿಸುವವರಿಗೆ ಸಾದಾ ಗಾಳಿ ಸಾಕು.

ಬೈಲಹೊಂಗಲದ ಕಡೆ ತಿರುಗಿದರೆ ನೆಲದ ಬಣ್ಣವೇ ಬೇರೆ. ಎರಡೂ ಬದಿಗೆ ಎರೆ ಹೊಲ, ಮುಂದೆ ಕಬ್ಬಿನ ಟ್ರ್ಯಾಕ್ಟರು, ಅದು ಎಬ್ಬಿಸಿದ ಹುಡಿಯಲ್ಲಿ ಹತ್ತು ಮಾರು ದೂರ ಕಾಣುವುದಿಲ್ಲ. ಚೆನ್ನಮ್ಮನ ಸಮಾಧಿ ಇರುವ ಈ ಊರಿಗೆ ನಾನು ಬಂದಾಗಲೆಲ್ಲ ಅಲ್ಲಿಗೆ ಹೋಗಿ ಒಂದು ಗಳಿಗೆ ನಿಲ್ಲುತ್ತೇನೆ. ಅವತ್ತೂ ನಿಂತು, ಆಮೇಲೆ ಪರಿಚಯದ ಗ್ಯಾರೇಜಿಗೆ ಹೋದೆ. ವಯಸ್ಸಾದ ಮಿಸ್ತ್ರಿ ಕ್ಲಿಪ್ ಬಿಚ್ಚಿ ಏರ್ ಫಿಲ್ಟರ್ ತೆಗೆದು ನೆಲಕ್ಕೆ ಮೆಲ್ಲಗೆ ಬಡಿದರು. ಕರಿ ಹುಡಿ ಉದುರಿತು.

"ಇದನ್ನ ಯಾವಾಗ ಹಾಕಿಸಿದ್ರಿ?"

"ನೆನಪಿಲ್ಲ ಕಾಕಾ. ಪುಸ್ತಕದಾಗ 40,000ಕ್ಕ ಬದಲಿಸ್ರಿ ಅಂತ ಐತಿ."

"ಅದು ಡಾಂಬರ್ ರಸ್ತೆದವರಿಗ್ರಿ. ಮುಂದಿನ ಹಾಳಿ ನೋಡ್ರಿ."

ಮುಂದಿನ ಹಾಳೆ ತೆಗೆದೆ. ಧೂಳಿನ ರಸ್ತೆಯಲ್ಲಿ ಓಡುವ ಗಾಡಿಗಳಿಗೆ ಬೇರೆಯೇ ಕೋಷ್ಟಕವಿತ್ತು. ಅಲ್ಲಿ ಏರ್ ಫಿಲ್ಟರ್ ಬಹಳ ಬೇಗ ನೋಡಿ ಬದಲಿಸಬೇಕು. ಐದು ವರ್ಷ ಗಾಡಿಯ ಡ್ರಾವರಿನಲ್ಲೇ ಇದ್ದ ಪುಸ್ತಕ, ನಾನು ಆ ಹಾಳೆ ಮಗುಚಿರಲಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳ ಪ್ರತಿಯೊಬ್ಬ ಕಾರಿನವರೂ ಆ ಒಂದು ಪುಟ ಓದಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಏರ್ ಫಿಲ್ಟರ್ ಅಲ್ಲೇ ಹಾಕಿಸಿದೆ. ಹತ್ತು ನಿಮಿಷದ ಕೆಲಸ.

ಫ್ಲಷ್, ಥ್ರಾಟಲ್, ಇಂಜೆಕ್ಟರ್ ಎಂಬ ಮೂರು ಸಾಲು ತೋರಿಸಿದಾಗ ಕಾಕಾ ಮೂರೇ ಪ್ರಶ್ನೆ ಕೇಳಿದರು. ಪಿಕಪ್ ಕಡಿಮೆ ಆಗೇತೇನು? ಮೈಲೇಜ್ ಬಿದ್ದೈತೇನು? ನಿಂತಾಗ ಎಂಜಿನ್ ಗಡಗಡ ನಡುಗತೈತೇನು? ಮೂರಕ್ಕೂ ಇಲ್ಲ ಅಂದೆ. "ಹಂಗಾದ್ರ ಯಾಕ್ ಕೈ ಹಚ್ಚಬೇಕ್ರಿ?" ನಾನೂ ಹಾಗೇ ನಂಬುತ್ತೇನೆ. ಎಂಜಿನ್ ಆಯಿಲ್‌ನಲ್ಲೇ ಕೊಳೆ ತೊಳೆಯುವ ರಾಸಾಯನಿಕ ಬೆರೆತಿರುತ್ತದೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಎಂಜಿನ್‌ಗೆ ಬೇರೆ ಫ್ಲಷ್ ಬೇಕಾಗುವುದಿಲ್ಲ.

ಹೊರಗಿನ ಗ್ಯಾರೇಜಿಗೆ ಕೈ ಹಚ್ಚಿಸಿದರೆ ವಾರಂಟಿ ಹೋಗುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳೂ ದೋಷ ಪತ್ತೆಯ ಉಪಕರಣಗಳೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಆರೋಪ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಮಾಡುವ ಷರತ್ತು ಹಾಕಬಾರದು, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಗೆ ಮಾತ್ರ ನಿರಾಕರಿಸಬಹುದು ಎಂದೂ ಆಯೋಗ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು. ಹಾಗಾಗಿ ವಾರಂಟಿ ಇರುವ ಗಾಡಿಯವರು ಮೊದಲು ತಮ್ಮ ವಾರಂಟಿ ಪುಸ್ತಕ ಓದಬೇಕು, ಹೊರಗೆ ಮಾಡಿಸಿದ ಪ್ರತಿಯೊಂದು ಕೆಲಸದ ರಸೀದಿ ಇಟ್ಟುಕೊಳ್ಳಬೇಕು. ನನ್ನ ಗಾಡಿಯ ವಾರಂಟಿ ಮುಗಿದು ಹೋಗಿದೆ.

ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ನಮ್ಮ ಮನೆಯಿಂದ ವರ್ಷಕ್ಕೆ ನಾಲ್ಕೈದು ಸಲವಾದರೂ ಹೋಗುತ್ತೇವೆ. ಹುಣ್ಣಿಮೆಯ ದಿನ ಉಧೋ ಉಧೋ ಎನ್ನುತ್ತ ಜನ ಭಂಡಾರ ತೂರಿದರೆ ಗಾಡಿಯ ಒಳಗೂ ಅರಿಷಿಣ. ಚೀಟಿಯಲ್ಲಿದ್ದ ಎ.ಸಿ. ಶುದ್ಧೀಕರಣ ನೆನಪಾಗಿ, ಗುಡ್ಡದ ಮೇಲೆ ಗಾಡಿ ನಿಲ್ಲಿಸಿ ಎಡಗಡೆ ಸೀಟಿನ ಮುಂದಿನ ಡ್ರಾವರ್ ಕಳಚಿದೆ. ಅದರ ಹಿಂದೆ ಎ.ಸಿ. ಫಿಲ್ಟರ್ ಇರುತ್ತದೆ. ಬಿಳಿ ಇರಬೇಕಾದ್ದು ಅರ್ಧ ಹಳದಿ, ಅರ್ಧ ಕರಿ ಆಗಿತ್ತು. ಗಾಳಿ ಕಡಿಮೆ ಬರಲು, ವಾಸನೆ ಹೊಡೆಯಲು ಅದೇ ಕಾರಣ. ಒಳಗೆ ಔಷಧಿ ಸಿಂಪಡಿಸಿ ಈ ಫಿಲ್ಟರನ್ನು ಹಾಗೇ ಬಿಟ್ಟರೆ ಏನು ಬಂತು? ಹೊಸ ಫಿಲ್ಟರ್ ಕೊಳ್ಳುವುದು ಅಂತ ಬರೆದುಕೊಂಡು, ಚೀಟಿಯ ಆ ಸಾಲು ಹೊಡೆದುಹಾಕಿದೆ.

ಗುಡ್ಡ ಇಳಿಯುವಾಗ ಮಾತ್ರ ಇನ್ನೊಂದು ಸಾಲು ಮನಸ್ಸಿಗೆ ಚುಚ್ಚಿತು. ಬ್ರೇಕ್ ಆಯಿಲ್. ಹುಣ್ಣಿಮೆಯ ದಟ್ಟಣೆಯಲ್ಲಿ ಇಳಿಜಾರಿಗೆ ಹೆಜ್ಜೆಹೆಜ್ಜೆಗೂ ಬ್ರೇಕ್ ಒತ್ತಬೇಕು, ಮನೆಮಂದಿಯೆಲ್ಲ ಒಳಗಿರುತ್ತಾರೆ. ಈ ಆಯಿಲ್ ಗಾಳಿಯಲ್ಲಿನ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕೆಂಬುದು ನಿಯಮ. ತೇವ ಕುಡಿದದ್ದಕ್ಕೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕಾದ ಬ್ರೇಕಿನಲ್ಲಿ ಅದು ಕುದ್ದು ಗುಳ್ಳೆ ಕಟ್ಟಿದರೆ ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಬಹಳ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತವೆ. ನನ್ನದು ಐದು ವರ್ಷದಿಂದ ಅದೇ ಆಯಿಲ್. ಹಿಂದಿನ ವರ್ಷಗಳ ಬಿಲ್ಲು ತೆಗೆದು ನೋಡಿದೆ. ಟೆಫ್ಲಾನಿಗೆ ಎರಡು ಸಲ ದುಡ್ಡು ಕೊಟ್ಟಿದ್ದೆ, ಬ್ರೇಕ್ ಆಯಿಲ್‌ಗೆ ಒಂದು ಸಲವೂ ಇಲ್ಲ. ಸಿಟ್ಟು ಬಂತು. ಹೊಳಪಿನ ಸಾಲೂ ಜೀವದ ಸಾಲೂ ಒಂದೇ ಅಕ್ಷರದಲ್ಲಿ, ಒಂದರ ಕೆಳಗೊಂದು ಅಚ್ಚಾಗಿದ್ದವು. ಯಾವುದು ಮೊದಲು ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಎರಡನೇ ಗೇರಿನಲ್ಲಿ ನಿಧಾನ ಇಳಿದೆ.

ರಾಮದುರ್ಗ ಮುಟ್ಟಿದಾಗ ಮಧ್ಯಾಹ್ನ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಈ ಊರೊಳಗೆ ನುಗ್ಗಿದ್ದನ್ನು ಇಲ್ಲಿಯವರು ಮರೆತಿಲ್ಲ. ಗ್ಯಾರೇಜಿನ ತರುಣ ಮೆಕ್ಯಾನಿಕ್ ಅಂಡರ್‌ಬಾಡಿ ಕೋಟಿಂಗ್ ಸಾಲು ಓದಿ ತಲೆ ಅಲ್ಲಾಡಿಸಿದ. ಕಾರವಾರದ ಉಪ್ಪುಗಾಳಿಯಲ್ಲಿ ಇರುವವರಾದರೆ ನಾನು ಮಾಡಿಸಿ ಎನ್ನುತ್ತಿದ್ದೆ. ಇಲ್ಲಿ ಗಾಡಿಯ ತಳಕ್ಕೆ ಬೇಕಾದದ್ದು ಮಳೆಗಾಲ ಮುಗಿದ ಮೇಲೆ ಮೆತ್ತಿದ ಎರೆಯನ್ನೆಲ್ಲ ಬಿಡಿಸಿ ತೊಳೆಯುವುದು. "ನೀರಾಗ ನಿಂತ ಗಾಡಿ ಚಾವಿ ತಿರುವಬ್ಯಾಡ್ರಿ ಸರ, ಅದೊಂದು ಬರಕೊಳ್ರಿ" ಅಂದ. ಎಂಜಿನ್ ಒಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಗಾಳಿಯಂತೆ ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾದಾ ವಿಮೆಯಲ್ಲಿ ಆ ಹಾನಿಗೆ ಪರಿಹಾರ ಸಿಗುವುದು ಕಷ್ಟ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಬೇಕು. ಹೊಳೆದಂಡೆಯ ಊರಿನವರಿಗೆ ನಾನು ಕೋಟಿಂಗ್ ಬಿಟ್ಟು ಆ ದುಡ್ಡನ್ನು ಅಲ್ಲಿ ಹಾಕಿ ಎನ್ನುತ್ತೇನೆ.

ಬ್ರೇಕ್ ಆಯಿಲ್ ಅಲ್ಲೇ ಬದಲಿಸಿದೆವು. ನಾನು ಒಳಗೆ ಕೂತು ಪೆಡಲ್ ಒತ್ತಿ ಹಿಡಿದೆ, ಅವನು ಒಂದೊಂದೇ ಗಾಲಿಯ ಹತ್ತಿರ ಕೂತು ನಿಪ್ಪಲ್ ಸಡಿಲಿಸಿ ಹಳೆಯದನ್ನು ಇಳಿಸಿದ. ಬಾಟಲಿಗೆ ಬಿದ್ದದ್ದು ಚಹಾದ ಬಣ್ಣದ ಆಯಿಲ್. ನಾಲ್ಕನೆಯ ಗಾಲಿ ಮುಗಿದಾಗ ಪೈಪಿನಲ್ಲಿ ತಿಳಿಯಾದ ಹೊಸದು ಬಂತು, ಪೆಡಲ್ ಕಾಲಿಗೆ ಗಟ್ಟಿ ತಾಗಿತು. ಕೈ ಒರೆಸಿಕೊಂಡು ಅವನು ನನ್ನ ಮ್ಯಾನುವಲ್ ಇಸಿದುಕೊಂಡ. ಕೊನೆಯ ಖಾಲಿ ಹಾಳೆಯಲ್ಲಿ ತಾರೀಖು, ಕಿಲೋಮೀಟರು, "ಬ್ರೇಕ್ ಆಯಿಲ್" ಎಂದು ಬರೆದು ಸಹಿ ಹಾಕಿದ.